ಬಾಯಿ ತುಂಬ ನೀರು

ಮಣ್ಣಿಗೆ ಹೋಗಿ ಬಂದ ಎಂಟನೆಯ ದಿನ ಬೆಳಿಗ್ಗೆ ಮನೆಯಲ್ಲಿ ಮೂರೇ ಮಂದಿ ಉಳಿದಿದ್ದರು. ಹಿಂದಿನ ಸಂಜೆ ಪ್ರಾರ್ಥನೆ ಮುಗಿಸಿ ಕೊನೆಯ ನೆಂಟರೂ ಹುಮನಾಬಾದಿನ ಬಸ್ಸು ಹತ್ತಿದ್ದರು. ಓಣಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನು ಕೇಳಿ ಸಾರಾ ಎದ್ದಳು.

"ಸಾರಾ, ಟ್ಯಾಂಕರ ಬಂತು," ಎಂದು ಮಾವ ಸಾಲೋಮನ ಮಾಸ್ತರರು ಪಡಸಾಲೆಯಿಂದ ಕೂಗಿದರು. ಕೂಗಿದ ಮೇಲೆ, ಹಾಗೆ ಕೂಗಬಾರದಿತ್ತೇನೋ ಎಂಬಂತೆ ಕೆಮ್ಮಿದರು. "ನಾ ಹೋಗ್ಲೇನವಾ?"

"ಬ್ಯಾಡ್ರಿ ಮಾವಾ. ನಿಮ್ಮ ಮೊಣಕಾಲು ನೋಡ್ಕೋರಿ."

ಟ್ಯಾಂಕರಿಗೆ ಯಾರ ಮನೆಯ ಸಾವೂ ಗೊತ್ತಾಗುವುದಿಲ್ಲ. ಬಂದಾಗ ಹೋಗಿ ನಿಲ್ಲಬೇಕು, ಇಲ್ಲವಾದರೆ ಇನ್ನು ನಾಲ್ಕು ದಿನ ಕಾಯಬೇಕು. ಬೀದರಿನಲ್ಲಿ ಅದು ಎರಡು ವರ್ಷ ಸತತ ಮಳೆ ಕೈಕೊಟ್ಟ ಬೇಸಿಗೆ. ಅಡುಗೆಮನೆಯಲ್ಲಿ ಎರಡು ಕೊಡಗಳಿದ್ದವು. ಒಂದು ಮನೆಯದು, ಬುಡ ಸೋರುತ್ತಿತ್ತು. ಇನ್ನೊಂದು ಹೊಟ್ಟೆಯ ಹತ್ತಿರ ತಗ್ಗು ಬಿದ್ದ ಸ್ಟೀಲಿನದು. ಗಂಡ ಜಾನ ತೀರಿಕೊಳ್ಳುವ ಹಿಂದಿನ ಸಂಜೆ ತಂದಿಟ್ಟಿದ್ದು. ಅವನು ತಂದಾಗ ಅವಳು ತವೆಯ ಮುಂದೆ ಇದ್ದಳು. ಎಲ್ಲಿಂದ ತಂದೆ ಎಂದು ಕೇಳಿರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡಿರಬೇಕು ಎಂದು ಮನೆಯವರೆಲ್ಲ ತಿಳಿದಿದ್ದರು.

ಸರದಿಯಲ್ಲಿ ನಿಂತ ಹೆಂಗಸರು ಅವಳನ್ನು ಕಂಡು ತಮ್ಮ ಕೊಡಗಳನ್ನು ಪಕ್ಕಕ್ಕೆ ಎಳೆದುಕೊಂಡರು. ಎರಡು ವಾರದ ಹಿಂದೆ ಇದೇ ಜಾಗದಲ್ಲಿ, "ಎಮ್ಮೆ ಓದಿದ್ರ ಏನಾತು, ಸರದಿ ಅಂದ್ರ ಸರದಿ," ಎಂದು ಒಬ್ಬಳು ಎಂ.ಎ. ಮಾಡಿದ ಸಾರಾಳ ಕೊಡವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ್ದಳು. ಈಗ ಅವಳೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಎದುರು ಮನೆಯ ಬಿಸ್ಮಿಲ್ಲಾಬೀ, ಎಣ್ಣೆಯ ಎರಡು ಸಣ್ಣ ಕ್ಯಾನುಗಳನ್ನು ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದವಳು, ತಾನೂ ಹಿಂದೆ ಸರಿದಳು.

"ಹೋಗ್ ಬೇಟಾ, ಮೊದ್ಲ ನೀ ತುಂಬ್ಕೋ."

"ನಿಮ್ಮ ಸರದಿ ಅದ, ಖಾಲಾ."

"ನಂದು ಸಣ್ಣ ಕ್ಯಾನು. ನಾ ನಾಲ್ಕ ಸಲ ಬರಾಕಿ. ಹೋಗು."

ಸಾರಾ ತುಂಬಿಕೊಂಡು ಬಂದಳು.

ಕಟ್ಟೆಯ ಮೇಲೆ ಏಳು ದಿನ ಓಣಿಯವರು ಊಟ ತಂದುಕೊಟ್ಟ ಡಬ್ಬಿಗಳು ಸಾಲಾಗಿದ್ದವು. ಒಂದೊಂದರ ಮೇಲೂ ಅದರ ಮನೆಯವರ ಹೆಸರು, ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು. ಅವಳು ಅವನ್ನು ಚೀಲಕ್ಕೆ ಹಾಕತೊಡಗಿದಾಗ ಮೂಲೆಯಲ್ಲಿ ಗೋಡೆಗೆ ಒರಗಿದ್ದ ಅತ್ತೆ ಸುಸನ್ನಾ ಬಾಯಿ ಬಿಟ್ಟಳು.

"ಖಾಲಿ ಕೊಡಬ್ಯಾಡ. ಒಂದೊಂದ ಚಮಚಾ ಸಕ್ಕರಿ ಹಾಕು."

"ಸಕ್ಕರಿ ಅಷ್ಟಿಲ್ರಿ ಅತ್ತಿ."

"ಹಂಗಾದ್ರ ಅರ್ಧ ಚಮಚಾ. ಇರುವಿ ಗೊಣಗ್ತಾವ, ಮಂದಿ ಗೊಣಗಂಗಿಲ್ಲ."

ಏಳು ದಿನದಲ್ಲಿ ಅತ್ತೆ ಆಡಿದ ಮೊದಲ ಮಾತುಗಳು ಅವು. ಆಡಿದ ಮೇಲೆ ತಾನೇ ಬೆಚ್ಚಿದವಳಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸುಸನ್ನಾಳ ಬಾಯಿ ಹುಟ್ಟಿನಿಂದ ಹಾಗೆ. ಹನ್ನೊಂದು ವರ್ಷದವಳಿದ್ದಾಗ ಮಿಶನ್ ಕಂಪೌಂಡಿನ ಕ್ರಿಸ್‌ಮಸ್ ನಾಟಕದಲ್ಲಿ ಅವಳಿಗೆ ಛತ್ರದವನ ಹೆಂಡತಿಯ ಪಾತ್ರ. ಮಾತು ಒಂದೇ: "ಇಲ್ಲಿ ಜಾಗಾ ಇಲ್ಲ." ಅವಳು ಅದನ್ನು ಅಂದು, ಬಾಗಿಲು ಹಾಕುವ ಮುಂಚೆ ಯೋಸೇಫನ ಕತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಕತ್ತಿಗಿ ಬೇಕಾದ್ರ ಅದ," ಎಂದುಬಿಟ್ಟಳು. ಇಡೀ ಚರ್ಚು ನಕ್ಕಿತು. ಪಾಸ್ಟರು ಅವಳಿಂದ ಒಂದು ಕೀರ್ತನೆಯನ್ನು ಹತ್ತು ಸಲ ಬರೆಸಿದರು. ಹತ್ತೂ ಸಲ ಬರೆದಳು, ಆದರೆ ಆ ನಗೆಯ ರುಚಿ ಬಿಡಲಿಲ್ಲ. ಮದುವೆಯಾಗಿ ಗಣಿತದ ಮಾಸ್ತರರ ಹೆಂಡತಿಯಾದ ಮೇಲೂ, ಮೂವತ್ತು ತುಂಬಿದ ಮೇಲೆ ಭಾಲ್ಕಿಯ ಪಂಢರಿಯ ನಾಟಕ ಮಂಡಳಿ ಸೇರಿದಳು. ಮಾಸ್ತರರು ಎರಡು ತಿಂಗಳು ಮಾತು ಬಿಟ್ಟರು. ಅವಳು ಸೂಲಗಿತ್ತಿಯಾದಳು, ಬಡ್ಡಿ ಬಾಯಿಯಾದಳು, ಹನ್ನೆರಡು ಸೊಸೆಯಂದಿರನ್ನು ಕಾಡುವ ಅತ್ತೆಯಾದಳು. ಅಳುವ ಪಾತ್ರ ಒಂದನ್ನೂ ಮಾಡಲಿಲ್ಲ. ಐವತ್ತು ದಾಟಿದ ಮೇಲೆ ಬೆಂಗಳೂರಿನ ಟೀವಿಯವರು ಕರೆದರು. ಅಲ್ಲಿ ಅವಳು 'ನಳದ ಕಾಕು', ನಳದ ಚಿಕ್ಕಮ್ಮ. ನೀರು ಬಾರದ ನಳದ ಮುಂದೆ ಕೂತು ನಳದೊಂದಿಗೆ ಜಗಳವಾಡುವ ಮುದುಕಿ. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು, ಬರುವಾಗ ಲಾಡ್ಜಿನ ಪುಟ್ಟ ಸೋಪುಗಳನ್ನು ಚೀಲದಲ್ಲಿ ತರುತ್ತಿದ್ದಳು. ಮಾಸ್ತರರು ಟೀವಿ ನೋಡುತ್ತಿರಲಿಲ್ಲ, ಆ ಸೋಪಿನಿಂದ ಸ್ನಾನ ಮಾತ್ರ ಮಾಡುತ್ತಿದ್ದರು.

ಅವಳ ಒಂದೊಂದು ಮಾತಿಗೂ ಪರೀಕ್ಷೆ ಇಡುತ್ತಿದ್ದವನು ಮಗ ಜಾನ. ಅವನು ಐದು ವರ್ಷದವನಿದ್ದಾಗ ಹಾಲು ಕುಡಿಯುತ್ತ ಅವ್ವ ಮಾತು ಒಪ್ಪಿಸುವುದನ್ನು ಕೇಳಿ ನಕ್ಕು, ಬಾಯಿಯ ಹಾಲೆಲ್ಲ ಅಪ್ಪ ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಮೇಲೆ ಉಗುಳಿದ್ದ. ಅಂದಿನಿಂದ ಅದೇ ಪದ್ಧತಿಯಾಯಿತು. ಹೊಸ ಮಾತು ಹೊಳೆದಾಗಲೆಲ್ಲ ಜಾನ ಬಾಯಿ ತುಂಬ ನೀರು ಹಿಡಿದು ಕೂರಬೇಕು. ನೀರು ಹೊರಗೆ ಚಿಮ್ಮಿದರೆ ಮಾತು ಪಾಸು, ನುಂಗಿದರೆ ಫೇಲು. ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ ಅವನು, ನೀರಿಲ್ಲದ ಬೋರಿಗೆ ಮೋಟಾರೇಕೆ ಎಂದಾದ ಮೇಲೆ ಝಹೀರಾಬಾದಿನ ಫ್ಯಾಕ್ಟರಿಗೆ ಸೇರಿದ್ದ. ಭಾನುವಾರ ಮನೆಯಲ್ಲಿದ್ದು ಸೋಮವಾರ ನಸುಕಿಗೆ ಬೈಕಿನ ಮೇಲೆ ಹೋಗುತ್ತಿದ್ದ. ಅಂಥ ಒಂದು ಸೋಮವಾರ ಲಾರಿ ಬಡಿಯಿತು.

*

ಮೂರನೆಯ ವಾರ ಪಂಢರಿ ಬಂದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಅಂದ:

"ಅಕ್ಕಾ, ಟೀವಿಯವರದು ಫೋನ ಬಂದಿತ್ತು. ಜೂನದಾಗ ಮತ್ತ ಚಾಲು ಮಾಡ್ತಾರಂತ. ಖರೆ, ಅವರಿಗಿ ಒಂದ ಹೆದರಿಕಿ ಅದ."

"ಏನಪಾ?"

"ನಿಮ್ಮ ಮಗನ ಸುದ್ದಿ ಎಲ್ಲಾರ ಮೊಬೈಲದಾಗೂ ಬಂದದ. ಇನ್ನ ಮ್ಯಾಲ ಜನಾ ನಿಮ್ಮ ಮುಖಾ ನೋಡಿ ಅಯ್ಯೋ ಪಾಪ ಅಂತಾರ, ನಗಂಗಿಲ್ಲ ಅಂತ. ಅವರ ಕಡಿಂದ ಮಕ್ಸೂದ ಸಾಹೇಬ ಅಂತ ಒಬ್ಬಾವ ಭಾಲ್ಕಿ ಪ್ರಯೋಗಕ್ಕ ಬಂದು ಕೂಡ್ತಾನ. ಜನಾ ನಕ್ಕರ ನೀವು. ಇಲ್ಲಾಂದ್ರ ಬ್ಯಾರೆ ಕಾಕು ನೋಡ್ತಾರ."

"ಅದಕ್ಕಿಂತ ಮೊದ್ಲ ಎಲ್ಲಿ ಅದ ಪ್ರಯೋಗ?"

"ಔರಾದ, ಬರೋ ಬುಧವಾರ."

"ಬರ್ತೇನಿ," ಎಂದಳು ಸುಸನ್ನಾ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾಸ್ತರರು ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ.

"ಮಗನ ಗೋರಿ ಮಣ್ಣು ಇನ್ನಾ ಹಸಿ ಅದ. ನೀ ಹೋಗಿ ಹಲ್ಲು ಕಿಸೀತಿ ಏನು?"

"ಎಲ್ಲಿ ಹಸಿ ಇರ್ತದ್ರಿ? ಮಳಿ ಬಂದು ಎರಡ ವರ್ಷ ಆತು."

ಸಾರಾಳ ಕೈಯಲ್ಲಿದ್ದ ಬೇಳೆಯ ಸೌಟು ಹಾಗೇ ನಿಂತಿತು. ಮಾಸ್ತರರು ಹೆಂಡತಿಯನ್ನೇ ದಿಟ್ಟಿಸಿದರು.

"ನೋಡ್ರಿ," ಎಂದಳು ಸುಸನ್ನಾ. "ಬಾಯಿಗಿ ಅದೇ ಬರ್ತದ. ಹೊಟ್ಟ್ಯಾಗ ಬೆಂಕಿ ಬಿದ್ರೂ ಬಾಯಿಗಿ ಅದೇ ಬರ್ತದ. ನಾ ಏನ ಮಾಡ್ಲಿ? ಕೊಯ್ಕೊಂಡು ಒಗೀಲೇನು?"

ಮಾಸ್ತರರು ಎದ್ದುಹೋದರು. ಸಾರಾ ಅವರ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು. ನಾಲ್ಕು ಗಂಟೆಗೆ ಬಂದು, ನಿಂತುಕೊಂಡೇ ಉಂಡರು.

ಬುಧವಾರ ಔರಾದಿಗೆ ಹೋದ ಸುಸನ್ನಾ ಮರುದಿನ ತುಂಬಿದ ಚೀಲದೊಂದಿಗೆ ಬಂದಳು. ಸಾರಾ ಬಿಚ್ಚಿ ನೋಡಿದಳು. ಎರಡು ಕುಪ್ಪಸದ ಖಣ, ಒಂದು ತೆಂಗಿನಕಾಯಿ, ಪೇಪರಿನಲ್ಲಿ ಕಟ್ಟಿದ ತೊಗರಿಬೇಳೆ.

"ಇವೆಲ್ಲಾ ಏನ್ರಿ ಅತ್ತಿ?"

"ನಗಸ್ಲಿಕ್ಕ ಹೋಗಿದ್ದೆ, ಉಡಿ ತುಂಬ್ಕೊಂಡು ಬಂದೆ." ಅವಳು ನೆಲಕ್ಕೆ ಕೂತಳು. "ನಾ ಸ್ಟೇಜಿಗಿ ಬಂದಕೂಡ್ಲೇ ಹೆಣಮಕ್ಕಳೆಲ್ಲಾ ಸೆರಗು ಕಣ್ಣಿಗಿ ಹಚ್ಚಿದ್ರು. ನಳದ ಮಾತಿಗಿ ಒಬ್ಬರೂ ನಗಲಿಲ್ಲ. ಒಬ್ಬ ಮುದುಕಿ ಸ್ಟೇಜಿಗೇ ಬಂದು ನನ್ನ ಕೈ ಹಿಡದು ಅತ್ತಳು. ಪರದೆ ಎಳದ್ರು."

"ಬಹಳ ಮಂದಿ ಇದ್ರೇನ್ರಿ?"

"ಎಲ್ಲಿ ಮಂದಿ? ನಿನ್ನ ತವರೂರು ಎಕಂಬಾದವರು ನಾಲ್ಕ ಜನಾ ಬಂದಿದ್ರು. ಉಳದವರೆಲ್ಲಾ ದುಡೀಲಿಕ್ಕ ಹೈದ್ರಾಬಾದಕ್ಕ ಹೋಗ್ಯಾರ. ನಿಮ್ಮ ಅಪ್ಪನ ಮನಿ ಬೀಗಕ್ಕ ತುಕ್ಕು ಹತ್ಯದ ಅಂದ್ರು."

ಸಾರಾ ಖಣಗಳನ್ನು ಮಡಿಸಿ ಟ್ರಂಕಿನಲ್ಲಿ ಇಟ್ಟಳು. ಬೇಳೆಯನ್ನು ಡಬ್ಬಿಗೆ ಸುರಿದಳು. ಅಂದಿನ ಸಾರಿಗೆ ಅದೇ ಆಯಿತು.

*

ಭಾಲ್ಕಿಯ ಪ್ರಯೋಗಕ್ಕೆ ಹತ್ತು ದಿನ ಉಳಿದಿದ್ದವು. ಒಂದು ಮಧ್ಯಾಹ್ನ ಸಾರಾ ಜೋಳ ಹಸನು ಮಾಡುತ್ತಿದ್ದಳು. ಸುಸನ್ನಾ ಒಂದು ಲೋಟ ನೀರು ತಂದು ಅವಳ ಮುಂದಿಟ್ಟಳು.

"ಒಂದ ಸಲ ಬಾಯಾಗ ಹಿಡಕೋ, ಅವ್ವಾ."

ಸಾರಾ ಲೋಟವನ್ನು ನೋಡಿದಳು.

"ನನಗ ಆಗಂಗಿಲ್ರಿ ಅತ್ತಿ."

"ನಗಬ್ಯಾಡ. ಸುಮ್ಮ ಹಿಡಕೋ. ಯಾರರ ಎದುರಿಗಿ ಇಲ್ಲಾಂದ್ರ ನನಗ ಮಾತು ಬರಂಗಿಲ್ಲ."

ಸಾರಾ ಹಿಡಿದುಕೊಂಡಳು. ಸುಸನ್ನಾ ತಗ್ಗು ಬಿದ್ದ ಕೊಡ ತಂದು ಕಿಟಕಿಯ ಸರಳನ್ನೇ ನಳ ಮಾಡಿಕೊಂಡಳು. ಅದಕ್ಕೆ ಕಿವಿ ಹಚ್ಚಿದಳು. "ಉಸಿರ ಅದ," ಎಂದಳು, ಡಾಕ್ಟರರ ಹಾಗೆ. ತಿರುವಿದಳು. "ಬಂತು! ಗಾಳಿ ಬಂತು! ಯಾಕ ಬಿಡ್ಲಿ? ಬಿಲ್ ಕಟ್ಟೀನಿ, ಒಂದ ಕೊಡಾ ಗಾಳಿನಾದ್ರೂ ಒಯ್ತೀನಿ." ಕೊಡಕ್ಕೆ ಗಾಳಿ ತುಂಬಿ, ಚೆಲ್ಲದ ಹಾಗೆ ಅಂಗೈ ಮುಚ್ಚಿ, ಟೊಂಕಕ್ಕೆ ಏರಿಸಿ, ಭಾರಕ್ಕೆ ಬಾಗಿ ಬಾಗಿ ಅಡುಗೆಮನೆ ದಾಟಿದಳು. "ಸರೀರಿ, ಸರೀರಿ, ತುಳುಕ್ತದ!" ಎನ್ನುತ್ತ ಬಂದು ಕೊಡ ಇಳಿಸಿ ಸೊಸೆಯ ಮುಖ ನೋಡಿದಳು.

ಸಾರಾಳ ಗಂಟಲು ಒಮ್ಮೆ ಆಡಿತು.

"ನುಂಗಿದೇನು?"

"ನುಂಗಿದ್ನಿ."

"ಇರ್ಲಿ ಬಿಡು. ನೀರಾದ್ರೂ ಹೊಟ್ಟಿಗಿ ಹೋತು."

ಪಡಸಾಲೆಯಿಂದ ಮಾಸ್ತರರ ದನಿ ಬಂತು. "ಕುಡೀಲಿಕ್ಕ ನೀರಿಲ್ಲ. ಇವರಿಗಿ ಉಗುಳ್ಲಿಕ್ಕ ಬೇಕು."

"ಉಗುಳಿಲ್ರಿ ಮಾವಾ. ಕುಡದೀನಿ."

ಮರುದಿನವೂ ಹಿಡಿದಳು, ಮರುದಿನವೂ ನುಂಗಿದಳು. ಆರು ದಿನ ಹೀಗೇ ನಡೆಯಿತು. ಏಳನೆಯ ದಿನ ಸುಸನ್ನಾ ಲೋಟ ತರಲಿಲ್ಲ. ಕೊಡವನ್ನು ಮೂಲೆಯಲ್ಲಿಟ್ಟು ಗೋಡೆಗೆ ಒರಗಿ ಕೂತಳು.

ಸಂಜೆ ಪಂಢರಿ ಮತ್ತೆ ಬಂದ. ಸಾರಾ ಒಳಗೆ ಚಹಾ ಕಾಸುತ್ತಿದ್ದಳು.

"ಅಕ್ಕಾ, ಒಂದ ಮಾತು ಹೇಳ್ತೇನಿ, ಸಿಟ್ಟಿಗಿ ಬರಬ್ಯಾಡ್ರಿ. ನೀವು ಎಷ್ಟ ಕುಣದ್ರೂ ಜನಾ ನಗಂಗಿಲ್ಲ. ಪಾಪ ಹತ್ತತದ ಅಂತ ಹೆದರತಾರ. ನಿಮ್ಮ ಸೊಸಿ ಬಂದು ಮುಂದ ಕೂತು ಒಂದ ಸಲ ನಕ್ಕಳಂದ್ರ…"

"ನನ್ನ ಸೊಸಿ ಏನು ನಿನ್ನ ಮಂಡಳಿ ತುತ್ತೂರಿ ಏನೋ? ಮುಂದ ಕೂಡಸಿ ಊದಸ್ಲಿಕ್ಕ?"

"ಹಂಗಲ್ಲ ಅಕ್ಕಾ…"

"ಚಹಾ ಕುಡದು ನಡಿ. ಬ್ಯಾರೆ ಕಾಕು ನೋಡ್ರಿ ಅಂತ ಹೇಳು. ನಾ ಮಾಡಿದ್ದು ಸಾಕು."

ಅವಳು ಅದನ್ನು ಅಂದ ರೀತಿ ಸಾರಾಳಿಗೆ ಅಡುಗೆಮನೆಯಲ್ಲಿ ಕೇಳಿಸಿತು. ನಗೆಯ ಅಂಚು ಒಂದೂ ಇಲ್ಲದ ದನಿ. ಅತ್ತೆಯ ಬಾಯಿಂದ ಅಂಥ ದನಿಯನ್ನು ಅವಳು ಜಾನನ ಶವಪೆಟ್ಟಿಗೆ ಇಳಿಸುವಾಗಲೂ ಕೇಳಿರಲಿಲ್ಲ. ಅವಳು ಚಹಾ ತಂದು ಪಂಢರಿಯ ಕೈಗೆ ಕೊಟ್ಟಳು.

"ಭಾಲ್ಕಿಗಿ ಎಷ್ಟ ಗಂಟೆಕ್ಕ ಮುಟ್ಟಬೇಕ್ರಿ?"

ಮೂವರೂ ಅವಳತ್ತ ನೋಡಿದರು. ಮೊದಲು ಮಾತಾಡಿದವರು ಮಾಸ್ತರರು.

"ಸಾರಾ, ಏನವಾ ಇದು? ಚರ್ಚಿನ್ಯಾಗ ಮಂದಿ ಏನಂದಾರು? ಒಂದ ತಿಂಗಳಾಗಿಲ್ಲ, ಹಾಸ್ಯ ನೋಡ್ಲಿಕ್ಕ ಹೊಂಟಾಳ ಅಂತಾರ."

"ನೋಡ್ಲಿಕ್ಕ ಅಲ್ರಿ ಮಾವಾ. ಸಾಮಾನು ಹಿಡೀಲಿಕ್ಕ. ಇಷ್ಟ ದಿನಾ ಕೊಡಾ ಹೊತ್ಕೊಂಡು ಜೋಡಿ ಹೋಗಾವ್ರು ಅವರ ಇದ್ರು. ಈಗ ಯಾರ ಹೋಗಬೇಕ್ರಿ? ನೀವು ಹೋಗ್ತೀರೇನು?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

"ಮಧ್ಯಾಹ್ನ ಬಿಸಲು ಬಹಳ ಇರ್ತದ," ಎಂದರು. "ತಲಿಗಿ ಸೆರಗು ಹೊತ್ಕೊಂಡು ಹೋಗ್ರಿ."

*

ಆ ವರ್ಷ ತೊಗರಿ ಬಾರದ್ದರಿಂದ ಭಾಲ್ಕಿಯ ಅಡತಿ ಅಂಗಡಿಯ ಗೋದಾಮೊಂದು ಖಾಲಿ ಬಿದ್ದಿತ್ತು. ಪಂಢರಿ ಅದನ್ನೇ ನಾಟಕದ ಮನೆ ಮಾಡಿದ್ದ. ಮಧ್ಯಾಹ್ನ ಮೂರಕ್ಕೇ ಮುನ್ನೂರು ಮಂದಿ ಸೇರಿದ್ದರು, ಹೆಚ್ಚಿನವರು ಹೆಂಗಸರು, ಮುದುಕರು. ಮಕ್ಸೂದ ಸಾಹೇಬ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಮೊದಲ ಸಾಲಿನ ನಟ್ಟನಡುವೆ ಕೂತಿದ್ದ.

ಬಣ್ಣ ಹಚ್ಚಿಕೊಳ್ಳುತ್ತ ಸುಸನ್ನಾ ಸೊಸೆಗೆ ನೀರಿನ ಬಾಟಲಿ ಕೊಟ್ಟಳು.

"ಅತ್ತಿ, ನಗು ಬರಂಗಿಲ್ರಿ. ಸುಳ್ಳ ನಗು ನನಗ ಬರಂಗಿಲ್ಲ."

"ಅದಕ್ಕಲ್ಲ, ಹುಚ್ಚಿ. ಹೊರಗ ಹೋದಿ ಅಂದ್ರ ಹತ್ತ ಮಂದಿ ಬಂದು ಹ್ಯಾಂಗಾತವಾ, ಯಾವಾಗಾತವಾ ಅಂತ ಕೇಳ್ತಾರ. ಬಾಯಾಗ ನೀರ ಇತ್ತಂದ್ರ ನೀ ಜವಾಬು ಕೊಡೋದ ಬ್ಯಾಡ."

ಸಾರಾ ಬಾಯಿ ತುಂಬಿಕೊಂಡು ಹೋಗಿ ಎರಡನೆಯ ಸಾಲಿನಲ್ಲಿ ಕೂತಳು. ಆಚೀಚಿನವರು ಅವಳನ್ನು ಗುರುತಿಸಿದರು. ಪಿಸುಮಾತು ಹಿಂದಿನ ಸಾಲಿನವರೆಗೂ ಹೋಯಿತು.

ನಳದ ಕಾಕು ಬಂದಳು. ನಳಕ್ಕೆ ಕಿವಿ ಹಚ್ಚಿದಳು. ಯಾರೂ ನಗಲಿಲ್ಲ. ಗಾಳಿ ತುಂಬಿದಳು. ಯಾರೋ ಲೊಚಗುಟ್ಟಿದರು. ಕೊಡವನ್ನು ಟೊಂಕಕ್ಕೆ ಏರಿಸಿದಳು. ಮುಂದೆ ಕೂತ ಹೆಂಗಸೊಬ್ಬಳು ಸೆರಗು ಕಣ್ಣಿಗೆ ಒತ್ತಿದಳು, ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಮಕ್ಸೂದ ಸಾಹೇಬ ಗಡಿಯಾರ ನೋಡಿದ. ಪರದೆಯ ಪಕ್ಕದಲ್ಲಿ ಪಂಢರಿ ಹಗ್ಗಕ್ಕೆ ಕೈ ಹಾಕಿದ.

ಕಾಕು ನಡುರಂಗದಲ್ಲಿ ನಿಂತುಬಿಟ್ಟಳು. ಜನರನ್ನು ಎಡದಿಂದ ಬಲಕ್ಕೆ ನೋಡಿದಳು.

"ಏ ಪಂಢರಿ, ಹಗ್ಗಾ ಬಿಡೋ! ಇಲ್ಲಿ ನೋಡು. ಮೊನ್ನಿ ಔರಾದದಾಗ ಹಿಂಗೇ. ಇವತ್ತ ಭಾಲ್ಕ್ಯಾಗ ಹಿಂಗೇ. ಎರಡ ತಾಲೂಕು ಸೇರಿ ನೀರ ಬಿಡ್ಲಿಕತ್ತಾವ, ನಾ ಹುಚ್ಚಿ ಗಾಳಿ ಹೊತ್ಕೊಂಡು ಹೊಂಟೀನಿ!"

ಕೊಡ ಬೋರಲು ಹಾಕಿ ಗಾಳಿ ಚೆಲ್ಲಿದಳು. ಮೆಟ್ಟಿಲಿಳಿದು ಜನರ ನಡುವೆ ಬಂದಳು.

"ಏ ತಂಗಿ, ಸೆರಗಿಗಿ ಒರಸಬ್ಯಾಡ! ಹಾಳ ಮಾಡ್ತಿ. ಇದರಾಗ ಹಾಕು. ಹಾಕು ಹಾಕು, ಉಪ್ಪಿನ ನೀರ ಆದ್ರೂ ನಡೀತದ, ಬ್ಯಾಳಿಗಿ ಮತ್ತ ಉಪ್ಪು ಹಾಕೋದ ಬ್ಯಾಡ. ಏ, ಸರದಿ ಹಚ್ರಿ! ಒಬ್ಬೊಬ್ಬರಿಗಿ ಎರಡ ಕಣ್ಣಿನಕಿಂತಾ ಹೆಚ್ಚಿಗಿ ಇಲ್ಲ. ಅಜ್ಜಾ, ನೀ ಸರಿ. ನಿನ್ನ ಬೋರು ಬತ್ತ್ಯದ."

ಎಲ್ಲೋ ಒಂದು ಕಡೆ ಯಾರೋ ನಕ್ಕು, ನಕ್ಕದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರು. ಕಾಕು ಎರಡನೆಯ ಸಾಲಿಗೆ ಬಂದಳು. ಗಲ್ಲ ಉಬ್ಬಿಸಿಕೊಂಡು ಕೂತ ಸೊಸೆಯ ಮುಂದೆ ಕೊಡ ಹಿಡಿದಳು. ಬಗ್ಗಿ ಅವಳ ಎಡಗಣ್ಣು ನೋಡಿದಳು, ಬಲಗಣ್ಣು ನೋಡಿದಳು. ನೆಟ್ಟಗಾಗಿ ಜನರ ಕಡೆ ತಿರುಗಿದಳು.

"ಈಕಿನ್ನ ನೋಡ್ರಪ್ಪಾ, ಎಮ್ಮೆ ಓದಿದಾಕಿ! ಕಣ್ಣಾಗ ಒಂದ ಹನಿ ಇಲ್ಲ. ಎಲ್ಲಾ ಬಾಯಾಗ ಸ್ಟಾಕ ಮಾಡ್ಯಾಳ!"

ಸಾರಾಳಿಗೆ ತುಟಿ ಬಿಗಿಯಲು ಸಮಯ ಸಿಗಲಿಲ್ಲ. ನೀರೆಲ್ಲ ಒಂದೇ ಸಲಕ್ಕೆ ಚಿಮ್ಮಿ ಮಕ್ಸೂದ ಸಾಹೇಬನ ಬಿಳಿ ಅಂಗಿಯ ಬೆನ್ನನ್ನು ಕೊರಳಿಂದ ನಡುವಿನವರೆಗೆ ತೋಯಿಸಿತು. ಅವನು "ಯಾ ಅಲ್ಲಾ!" ಎಂದು ಎದ್ದುನಿಂತ. ಸಾರಾ ಕೆಮ್ಮಿದಳು, ಸೆರಗಿನಿಂದ ಅವನ ಬೆನ್ನು ಒರೆಸಲು ಹೋದಳು, ಒರೆಸುತ್ತ ಒರೆಸುತ್ತ ಮತ್ತೆ ನಕ್ಕಳು. ಆಗ ಗೋದಾಮಿಗೆ ಗೋದಾಮೇ ನಕ್ಕಿತು. ಬೋರು ಬತ್ತಿದ ಅಜ್ಜ ಬೆಂಚು ಬಡಿದು ನಕ್ಕ.

ಪರದೆ ಬಿದ್ದ ಮೇಲೆ ಮಕ್ಸೂದ ಸಾಹೇಬ ಒಳಗೆ ಬಂದ. ಅಂಗಿ ಇನ್ನೂ ಮೈಗೆ ಅಂಟಿತ್ತು.

"ಜೂನ ಒಂದನೇ ತಾರೀಖಿಗಿ ಬರ್ರಿ, ಕಾಕು. ಖರೆ, ಇವರಿಗಿ ಮಾತ್ರ ಕ್ಯಾಮರಾದಿಂದ ದೂರ ಕೂಡಸ್ರಿ."

*

ಬೀದರಿನ ಬಸ್ಸಿನಲ್ಲಿ ಸುಸನ್ನಾ ಕಿಟಕಿಯ ಬಳಿ ಕೂತು ಶೇಂಗಾ ಸುಲಿದಳು. ಹಲಬರ್ಗಾ ದಾಟುವಾಗ ಸಿಪ್ಪೆಗಳನ್ನು ಕಿಟಕಿಯಾಚೆ ಚೆಲ್ಲಿದಳು.

"ಅವ ಇದ್ದಿದ್ರ," ಎಂದಳು ಆಮೇಲೆ, "ಗಾಳಿ ಮಾತಿಗೇ ಉಗುಳ್ತಿದ್ದ. ಅವಗ ಜಲ್ದಿ ನಗು." ಮುಖವನ್ನು ಕಿಟಕಿಗೆ ತಿರುಗಿಸಿ ಸೆರಗು ಎತ್ತಿಕೊಂಡಳು.

ಸಾರಾ ತೊಡೆಯ ಮೇಲಿದ್ದ ಕೊಡವನ್ನು ಮೆಲ್ಲಗೆ ಅತ್ತೆಯ ಗದ್ದದ ಕೆಳಗೆ ಸರಿಸಿದಳು.

"ಥೂ ನಿನ್ನ!" ಸುಸನ್ನಾ ಅವಳ ತೋಳಿಗೆ ಹೊಡೆದಳು. ಅಳುತ್ತಲೇ ನಕ್ಕಳು.

ಕೊಡವನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಸಾರಾಳ ಬೆರಳಿಗೆ ಅದರ ಬುಡ ಹತ್ತಿತು. ತಿಕ್ಕಿ ತೊಳೆಯಲು ನೀರಿಲ್ಲದ ತಿಂಗಳುಗಳ ಮಣ್ಣು ಅಲ್ಲಿ ಒಣಗಿ ಮೆತ್ತಿಕೊಂಡಿತ್ತು. ಸ್ವಲ್ಪ ಉದುರಿ, ಕೆಳಗೆ ಚುಕ್ಕಿ ಚುಕ್ಕಿಯಾಗಿ ಏನೋ ತಗುಲಿತು. ಅವಳು ಉಗುರಿನಿಂದ ಕೆರೆದಳು. ಸಂಜೆಯ ಬೆಳಕಿಗೆ ಹಿಡಿದು ಓದಿದಳು: ಬಿಸ್ಮಿಲ್ಲಾಬೀ.

"ಅತ್ತಿ, ಇದು ಕೊಂಡಿದ್ದಲ್ರಿ. ಖಾಲಾಂದು. ಕೇಳಿ ತಂದಾರ."

ಸುಸನ್ನಾ ಕೊಡ ನೋಡಿದಳು, ಬಾಯಿ ತೆರೆದಳು. ಈ ಸಲ ಅವಳಿಗೆ ಯಾವ ಮಾತೂ ಬರಲಿಲ್ಲ. ಹಗ್ಗ ಕಟ್ಟಿದ ಎಣ್ಣೆಯ ಕ್ಯಾನು ಹೊತ್ತು, ಒಂದು ತಿಂಗಳಿಂದ ಅವರ ಬಾಗಿಲ ಮುಂದೆಯೇ ನಾಲ್ಕು ನಾಲ್ಕು ಸಲ ಓಡಾಡುತ್ತಿದ್ದ ಮುದುಕಿಯನ್ನು ಇಬ್ಬರೂ ನೋಡಿದ್ದರು.

ಮರುದಿನ ಬೆಳಿಗ್ಗೆ ಟ್ಯಾಂಕರು ಬಂತು. ಸರದಿಯಲ್ಲಿ ಸಾರಾಳನ್ನು ಕಂಡು ಹೆಂಗಸರು ದಾರಿ ಬಿಡಲು ಹೋದರು. "ಸರದಿ ಅಂದ್ರ ಸರದಿ," ಎಂದು ಅವಳು ತನ್ನ ಜಾಗದಲ್ಲೇ ನಿಂತಳು. ಒಬ್ಬಳು ಮೂಗು ಮುರಿದು, "ಭಾಲ್ಕಿಗಿ ಹೋಗಿ ನಕ್ಕು ಬಂದಾಳ, ಈಗ ನಮಗ ಬುದ್ಧಿ ಹೇಳ್ತಾಳ," ಎಂದಳು. ಸಾರಾ ಕೇಳಿಸಿಕೊಂಡಳು, ಕಾದಳು, ಬೂದಿ ಹಾಕಿ ತಿಕ್ಕಿ ಬೆಳಗಿದ ಕೊಡವನ್ನು ಕಂಠದವರೆಗೆ ತುಂಬಿದಳು. ತುಳುಕದ ಹಾಗೆ ಟೊಂಕದ ಮೇಲೆ ಹೊತ್ತು ಎದುರು ಮನೆಯ ಮೆಟ್ಟಿಲು ಹತ್ತಿದಳು.

ಬಿಸ್ಮಿಲ್ಲಾಬೀ ಕ್ಯಾನುಗಳಿಗೆ ಹಗ್ಗ ಬಿಗಿಯುತ್ತಿದ್ದಳು. ತಲೆಯೆತ್ತಿ ಕೊಡ ನೋಡಿ, ಹಗ್ಗವನ್ನು ಕೈಬಿಟ್ಟಳು.

"ಅರೆ, ನೀರ ಯಾಕ ತುಂಬಿದಿ ಬೇಟಾ? ಇಂಥಾ ದಿನದಾಗ?"

"ಖಾಲಿ ಕೊಡಬಾರದಲ್ರಿ. ಸಕ್ಕರಿ ತೀರ್ಯದ." ಸಾರಾ ಕೊಡವನ್ನು ಟೊಂಕದಿಂದ ಇಳಿಸಲಿಲ್ಲ. "ಒಂದ ತಿಂಗಳಾತು ಖಾಲಾ. ಎದುರಿಗೇ ಇದ್ದೆವು. ಒಂದ ಮಾತು ಯಾಕ ಕೇಳ್ಲಿಲ್ರಿ?"

"ಯಾರಿಗಿ ಕೇಳ್ಲಿ? ನಾ ಕೊಟ್ಟಿದ್ದು ಅವಗ." ಬಿಸ್ಮಿಲ್ಲಾಬೀ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಲ್ಲೇ, ನೀ ನಿಂತಲ್ಲೇ ನಿಂತಿದ್ದ. 'ನಮ್ಮ ಕೊಡಾ ಸೋರ್ತದ ಖಾಲಾ, ಇವತ್ತೊಂದ ದಿನಕ್ಕ ಕೊಡ್ರಿ, ಮುಂಜಾನಿ ತಂದಕೊಡ್ತೇನಿ,' ಅಂದ. ನಗ್ತಾ ಒಯ್ದ."

ಸಾರಾ ಬಗ್ಗಿ ಕೊಡವನ್ನು ಮೆಟ್ಟಿಲ ಮೇಲೆ ಇಳಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.

"ಮುಂಜಾನಿ ಆಗ್ಯದ, ಖಾಲಾ," ಎಂದಳು. "ತಗೋರಿ."